ಕಾಲಿಬೆರ್ 44: "ಮಾಗಿಕ್‌ನ ಹಳೇ ತಂಡ" ಅಂತ ಕರೆದು ಮುಗಿಸಿಬಿಡೋದು ಸರಿಯಾ?

ಹಾಸನದ_ಹುಡುಗ (ಚರ್ಚೆ ಶುರು ಮಾಡಿದವರು)

ನಾನು ಕತೊವಿತ್ಸೆಗೆ ಬಂದು ನಾಲ್ಕು ವರ್ಷ ಆಯ್ತು. ದಕ್ಷಿಣ ಪೋಲೆಂಡಿನ ಸೈಲೀಸಿಯಾದಲ್ಲಿರೋ ಕಲ್ಲಿದ್ದಲು ಊರು. ಇಲ್ಲಿ ಯಾರ ಹತ್ರ ಹಿಪ್‌ಹಾಪ್ ಮಾತು ತೆಗೆದ್ರೂ ಮೊದಲು ರ‍್ಯಾಪರ್ ಮಾಗಿಕ್ ಹೆಸರು ಬರುತ್ತೆ, ಆಮೇಲೆ ಅವನ ತಂಡ ಪಾಕ್ತೊಫೊನಿಕಾ, ಅದರ ಬೆನ್ನಿಗೇ ಆ ತಂಡದ ಮೇಲೆ ಬಂದ ಸಿನಿಮಾ. ಅವನ ಮೊದಲ ತಂಡ ಕಾಲಿಬೆರ್ 44 ಬರೋದು ಬಾಲಂಗೋಚಿ ಥರ: "ಹಾಂ, ಅದಕ್ಕೂ ಮುಂಚೆ ಅವ್ನು ಅಲ್ಲಿದ್ದ."

ನಂಗೆ ಇದು ಒಪ್ಪಿಗೆ ಇಲ್ಲ. ಪೋಲಿಷ್ ರ‍್ಯಾಪಿಗೆ ತನ್ನದೇ ಗಂಟಲು ಸಿಕ್ಕಿದ್ದು ಕಾಲಿಬೆರ್‌ನಲ್ಲಿ, ಪಾಕ್ತೊಫೊನಿಕಾ ಆ ಗಂಟಲಲ್ಲಿ ಹಾಡಿತು ಅಂತ ನನ್ನ ವಾದ. ಬಯ್ಯೋರು ಬಯ್ಯಿ.

ಗೊತ್ತಿಲ್ಲದವರಿಗೆ ಚುಟುಕಾಗಿ: 1994ರಲ್ಲಿ ಕತೊವಿತ್ಸೆಯ ಮೂವರು ಹುಡುಗರು ಸೇರಿ ಕಟ್ಟಿದ ತಂಡ. ಜೋಕಾ ಮತ್ತು ಅಬ್ರಾದಾಬ್ ಅಣ್ಣತಮ್ಮಂದಿರು, ಮಿಖಾವ್ ಮತ್ತು ಮಾರ್ಚಿನ್ ಮಾರ್ತೆನ್. ಮೂರನೆಯವನೇ ಮಾಗಿಕ್, ಅಂದ್ರೆ ಪಿಯೊತ್ರ್ ವುಶ್ಚ್. ಆಗ ಅವನಿಗೆ ಬರೀ ಹದಿನಾರು. ಡಿಜೆ ಫೀಲ್-ಎಕ್ಸ್ ಆಮೇಲೆ ಸೇರಿಕೊಂಡ. 1996ರಲ್ಲಿ ಮೊದಲ ಆಲ್ಬಂ 'ಕ್ಷೆಂಗಾ ತಾಯೆಮ್ನಿಚಾ. ಪ್ರೊಲೊಗ್' ಬಂತು, 'ರಹಸ್ಯ ಗ್ರಂಥ: ಮುನ್ನುಡಿ' ಅಂತ ಅರ್ಥ. 1998ರಲ್ಲಿ ಎರಡನೇದು, 'ಅರವತ್ತಮೂರು ನಿಮಿಷದಲ್ಲಿ ಭೂಪ್ರದಕ್ಷಿಣೆ'. ಅದೇ ವರ್ಷ ಮಾಗಿಕ್ ಹೊರಗೆ ಹೋದ. 2000ದಲ್ಲಿ '3:44'. ಆಮೇಲೆ ಸುಮಾರು ವರ್ಷ ಸದ್ದಿಲ್ಲ. ಅಣ್ಣತಮ್ಮ ಮತ್ತೆ ಒಟ್ಟಾಗಿ 2016ರಲ್ಲಿ ನಾಲ್ಕನೇದು ಬಿಟ್ಟರು.

ಈಗ ನನ್ನ ಕ್ಯಾಸೆಟ್ ಕಥೆ. ಪಕ್ಕದ ಬಿತೊಮ್‌ನಲ್ಲಿ ತಿಂಗಳಿಗೊಮ್ಮೆ ಹಳೇ ಸಾಮಾನಿನ ಸಂತೆ ಸೇರುತ್ತೆ. ಗಣಿ ಹೆಲ್ಮೆಟ್, ಜರ್ಮನ್ ಕಾಲದ ಪಿಂಗಾಣಿ, ತುಕ್ಕು ಹಿಡಿದ ಇಕ್ಕಳ, ಎಲ್ಲಾ ಸಿಗ್ತವೆ. ಹೋದ ತಿಂಗಳು ಒಬ್ಬ ಅಜ್ಜನ ಹತ್ರ ರಟ್ಟಿನ ಡಬ್ಬದಲ್ಲಿ ಈ ಮೊದಲ ಆಲ್ಬಮ್ಮಿನ ಕ್ಯಾಸೆಟ್ ಸಿಕ್ತು. ಅಳಿಸಿ ರೆಕಾರ್ಡ್ ಮಾಡೋಕೆ ಆಗದ ಹಾಗೆ ಮೇಲ್ಗಡೆ ಎರಡು ಚಿಕ್ಕ ಕಿಂಡಿ ಇರ್ತಾವಲ್ಲ, ಅದಕ್ಕೆ ಯಾರೋ ಸೆಲ್ಲೋಟೇಪ್ ಅಂಟಿಸಿದ್ರು. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಮನೆಗೆ ತಂದು ಹಾಕಿದೆ. ಎ ಸೈಡ್ ಸಲೀಸಾಗಿ ಹೋಯ್ತು. ಬಿ ಸೈಡಿನಲ್ಲಿ ಹಾಡು ಮಧ್ಯಕ್ಕೆ ಬಂದಾಗ 'ಟಕ್' ಅಂತ ಒಂದು ಸದ್ದು, ಆಮೇಲೆ ರೇಡಿಯೊದಲ್ಲಿ ಹೆಂಗಸರ ಜಪಮಾಲೆ ಪ್ರಾರ್ಥನೆ. "ನಮೋ ಮರಿಯಾ" ಅಂತ ಕೊನೇವರೆಗೂ. ಮೊಮ್ಮಗನ ಕ್ಯಾಸೆಟ್ ಮೇಲೆ ಅಜ್ಜಿ ಜಪಮಾಲೆ ತುಂಬಿಕೊಂಡಿದ್ದಾಳೆ!

ತಮಾಷೆ ಏನಪ್ಪಾ ಅಂದ್ರೆ ಈ ಆಲ್ಬಮ್ಮಿನಲ್ಲೇ 'ಮರಿಯಾ ಪಂಥವೇ, ಯುದ್ಧಕ್ಕೆ ನಡೆ' ಅನ್ನೋ ಅರ್ಥದ ಹಾಡಿದೆ. 'ನಮ್ಮ ಮಿದುಳಿನ ತುಂಬ ಮರಿಯಾ' ಅಂತ ಇನ್ನೊಂದು. ಆ ಮರಿಯಾ ಮಾತೆ ಮೇರಿ ಅಲ್ಲ, ಸೇದುವ ಸೊಪ್ಪು. ಪೋಪ್ ಕೊಟ್ಟ ಕ್ಯಾಥೊಲಿಕ್ ದೇಶದಲ್ಲಿ ಹದಿನೆಂಟರ ಆಸುಪಾಸಿನ ಹುಡುಗರು ಹೀಗೆ ಶ್ಲೇಷೆ ಆಡಿದ್ರು. ಅಜ್ಜಿಗೆ ಗೊತ್ತಾಗಿ ಸೇಡು ತೀರಿಸ್ಕೊಂಡ್ಲೋ, ಖಾಲಿ ಕ್ಯಾಸೆಟ್ ಅಂದ್ಕೊಂಡ್ಲೋ, ದೇವರೇ ಬಲ್ಲ.

---

ಗೂಗ್ಲಿ_ಗುಂಡ

ಕ್ಯಾಸೆಟ್ ಕಥೆ ಸೂಪರ್ ಗುರು. ಆದ್ರೆ "ಪೋಲಿಷ್ ರ‍್ಯಾಪಿಗೆ ಗಂಟಲು ಕೊಟ್ಟರು" ಅಂದಿದ್ದು ಅತಿ ಆಯ್ತು. ಲಿರೊಯ್ ಎಲ್ಲಿ ಹೋದ? 1995ರಲ್ಲೇ ಅವನ 'ಆಲ್ಬೂಮ್' ಬಂದಿತ್ತು. ಐದು ಲಕ್ಷದ ಮೇಲೆ ಮಾರಾಟ. ಕಾಲಿಬೆರ್ ಮೊದಲ ಆಲ್ಬಂ ಬರೋ ಹೊತ್ತಿಗೆ ಪೋಲೆಂಡಿನ ಹಳ್ಳಿ ಹಳ್ಳಿಯಲ್ಲೂ ರ‍್ಯಾಪ್ ಅಂದ್ರೇನು ಅಂತ ಗೊತ್ತಿತ್ತು. ಅದಕ್ಕೂ ಮೊದ್ಲು 1991ರಲ್ಲೇ ರಾಕ್ ಹಾಡುಗಾರ ಕಾಜಿಕ್ ಅರ್ಧ ರ‍್ಯಾಪ್ ಮಾಡಿಟ್ಟಿದ್ದ. ಇಬ್ಬರು ದಾರಿ ಕಡಿದ ಮೇಲೆ ಮೂರನೆಯವನು ನಡ್ಕೊಂಡ್ ಬಂದ್ರೆ ಅವನು ಹೆಂಗೆ ಮೊದಲಿಗ ಆಗ್ತಾನೆ?

---

ಹಾಸನದ_ಹುಡುಗ

ಗುಂಡ, ಒಳ್ಳೇ ಪ್ರಶ್ನೆ. ಲಿರೊಯ್‌ಗೆ ಸಲ್ಲಬೇಕಾದ್ದು ಸಲ್ಲಲಿ. ಕ್ಯೆಲ್ತ್ಸೆ ಊರವನು, ಅವನ ಹಾಡು 'ಸ್ಚಿಜೋರಿಕ್' ಅಂದ್ರೆ ಮಡಚುಗತ್ತಿ. ಆ ಊರವರಿಗೆ ಇರೋ ಅಡ್ಡಹೆಸರೇ ಅದು. ಈ ಮಹಾಶಯ 2015ರಲ್ಲಿ ಸಂಸತ್ತಿಗೂ ಆರಿಸಿ ಹೋದ, ಅದು ಬೇರೆ ಮಾತು.

ಆದ್ರೆ ಲಿರೊಯ್ ತಂದದ್ದು ಅಮೆರಿಕದ ವೆಸ್ಟ್ ಕೋಸ್ಟಿನ ಅಂಗಿ, ಅದನ್ನ ತನ್ನ ಅಳತೆಗೆ ಹೊಲಿಸಿಕೊಂಡ. ಚೆನ್ನಾಗೇ ಹೊಲಿಸಿಕೊಂಡ, ಜನ ಮುಗಿಬಿದ್ದು ಕೊಂಡ್ಕೊಂಡ್ರು. ಕಾಲಿಬೆರ್ ಕೇಳಿದ್ರೆ ಇದು ಇನ್ಯಾವ ದೇಶದಲ್ಲೂ ಹುಟ್ಟೋಕೆ ಸಾಧ್ಯ ಇರ್ಲಿಲ್ಲ ಅನ್ಸುತ್ತೆ. ಮೊದಲು ಬಂದದ್ದು ಯಾರು ಅನ್ನೋ ಲೆಕ್ಕ ನಾನು ಹಾಕ್ತಿಲ್ಲ.

ಹೆಸರನ್ನೇ ತಗೊ. 'ನಲವತ್ತನಾಲ್ಕು' ಅಂದ ಕೂಡಲೇ ಇಲ್ಲಿ ಶಾಲೆಗೆ ಹೋದ ಯಾರಿಗಾದ್ರೂ ನೆನಪಾಗೋದು ಮಿತ್ಸ್‌ಕೆವಿಚ್‌ನ 'ಜಾದಿ' ನಾಟಕ. 19ನೇ ಶತಮಾನದ ಮಹಾಕವಿ. ದೇಶವನ್ನ ಬಿಡಿಸೋಕೆ ಬರೋ ಒಬ್ಬನ ಬಗ್ಗೆ ಅದರಲ್ಲಿ ಭವಿಷ್ಯವಾಣಿ ಇದೆ, ಅವನ ಹೆಸರು ನಲವತ್ತನಾಲ್ಕು ಅಂತ. ಯಾಕೆ ಆ ಅಂಕಿ ಅಂತ ಇಂದಿಗೂ ಪಂಡಿತರು ಜಗಳ ಆಡ್ತಾರೆ. ಅದರ ಪಕ್ಕ ಬಂದೂಕಿನ ಕ್ಯಾಲಿಬರ್ ಇಟ್ಟರೆ ಅರ್ಧ ಪಿಸ್ತೂಲು, ಅರ್ಧ ಪ್ರವಾದಿ. ನಮ್ಮಲ್ಲಿ ಯಾರಾದ್ರೂ ಹುಡುಗರು ತಂಡಕ್ಕೆ ಕಾಲಜ್ಞಾನದ ಸಾಲು ಹೆಸರಿಟ್ಟ ಹಾಗೆ.

---

ಜವಾರಿ_ಬೀಟ್

ಹುಬ್ಬಳ್ಳಿಯಿಂದ ನಮಸ್ಕಾರ್ರೀ. ನಾ ಬೀಟ್ ಮಾಡಾಂವ, ಸಾಹಿತ್ಯ ನನಗ ತಿಳಿಯಂಗಿಲ್ಲ, ಪೋಲಿಷ್ ಅಂತೂ ಒಂದ್ ಅಕ್ಷರ ಬರಂಗಿಲ್ಲ. ಹಂಗಾಗಿ ಬರೇ ಕಿವಿ ಮಾತು ಹೇಳ್ತೀನಿ.

ಮೊದಲನೇ ಆಲ್ಬಂ ನಿನ್ನೆ ರಾತ್ರಿ ಎರಡ್ ಸಲ ಕೇಳಿದೆ. ಅದಕ್ಕ ಅವ್ರು 'ಹಾರ್ಡ್‌ಕೋರ್ ಸೈಕೋ ರ‍್ಯಾಪ್' ಅಂತ ಹೆಸರಿಟ್ಟಿದ್ರಂತ. ಖರೇನ ಐತಿ. ಬೀಟ್ ಅನ್ನೂದು ಭಾಳ ಬಡವ್ರ ಮನಿ ಇದ್ದಂಗ ಐತಿ, ಸಾಮಾನು ಕಮ್ಮಿ, ಕತ್ತಲಿ ಜಾಸ್ತಿ. ಡ್ರಮ್ ಒಣ ಒಣ. ಅದರ ಮ್ಯಾಲೆ ದನಿ ಮಾತ್ರ ಪದರ್ ಪದರ್. ಒಬ್ಬ ಪಿಸುಗುಡ್ತಾನ, ಇನ್ನೊಬ್ಬ ಚೀರ್ತಾನ, ಮತ್ತೊಬ್ಬ ಹಿಂದ ಕುಂತು ಮಂತ್ರ ಹೇಳ್ದಂಗ ಗುನುಗ್ತಾನ. ಅಮೆರಿಕದಾಗ ಗ್ರೇವ್‌ಡಿಗಾಝ್ ಅಂತ ತಂಡ 1994ರಾಗ ಇಂಥಾದ್ ಮಾಡಿತ್ತು, ಸೈಪ್ರೆಸ್ ಹಿಲ್ ಅನ್ನೂ ತಂಡದ ವಾಸನಿನೂ ಐತಿ. ಆದ್ರ ಇವ್ರದು ಭೂತ ಬಂಗ್ಲೆ ನಾಟಕ ಅನಸಂಗಿಲ್ಲ. ಖರೇ ಭೂತ ಹೊಕ್ಕ ಹುಡುಗ್ರು ಅನಸ್ತೈತಿ.

ಎರಡನೇ ಆಲ್ಬಂ ಬ್ಯಾರೆ ತಂಡದ್ದ ಅನ್ನಬೇಕು. ಕಿಟಕಿ ತಗದಾರ, ಗಾಳಿ ಬಂದೈತಿ. 'ಫಿಲ್ಮ್' ಅನ್ನೂ ಹಾಡು ಕೇಳ್ರಿ, ನಕ್ಕೋತ ನಡಕೊಂಡ್ ಹೋಗೂ ಹಾಡು. ಸ್ಕ್ರ್ಯಾಚ್ ಕೈಯಾಗ ಹಿಡಿತ ಬಂದೈತಿ. ಮಾಗಿಕ್‌ಗ ಕತ್ತಲಿ ಬೇಕಾಗಿತ್ತು, ಅಣ್ಣತಮ್ಮಗ ಬೆಳಕು ಬೇಕಾಗಿತ್ತು ಅಂತ ಕಾಣ್ತೈತಿ. ಇಬ್ಬರದೂ ತಪ್ಪಿಲ್ಲ. ಮನಿ ಪಾಲಾತು, ಅಷ್ಟ.

---

ಸಿನಿಮಾ_ಹುಚ್ಚಿ

ನಾನು ಉಲ್ಟಾ ಪಾರ್ಟಿ. 2012ರ 'ಯೆಸ್ತೆಶ್ ಬೊಗ್ಯೆಮ್' ನೋಡಿದ ಮೇಲೇ ಈ ಸಂಗೀತದ ಕಡೆ ಬಂದವಳು. ಲೆಷೆಕ್ ದಾವಿದ್ ನಿರ್ದೇಶನ. ಅಲ್ಲಿನ ಥಿಯೇಟರ್‌ಗಳಲ್ಲೇ 14 ಲಕ್ಷಕ್ಕೂ ಹೆಚ್ಚು ಜನ ನೋಡಿದ್ದಾರೆ. ರ‍್ಯಾಪ್ ಅಂದ್ರೆ ಮೂಗು ಮುರೀತಿದ್ದ ಅಪ್ಪ-ಅಮ್ಮಂದಿರೂ ಮಕ್ಕಳ ಜೊತೆ ಟಿಕೆಟ್ ತಗೊಂಡು ಹೋದ ಚಿತ್ರ ಅದು.

ಪಾಕ್ತೊಫೊನಿಕಾ ದೊಡ್ಡದು ಅಂತ ಜನ ಹೇಳೋದಕ್ಕೆ ಕಾರಣ ಇದೆ ಹಾಸನದವರೇ. ಕಾಲಿಬೆರ್ ಬಿಟ್ಟ ಮಾಗಿಕ್, ರಾಹಿಮ್ ಮತ್ತು ಫೋಕುಸ್ ಜೊತೆ 1998ರಲ್ಲಿ ಅದನ್ನ ಕಟ್ಟಿದ. ಹೆಸರಿನ ಅರ್ಥವೇ ಎಷ್ಟು ಚಂದ: ಸ್ಪೀಕರ್ ಸದ್ದಿನ ಸಾಕ್ಷಿಯಾಗಿ ಮಾಡ್ಕೊಂಡ ಒಪ್ಪಂದ. ಮಾಗಿಕ್ ಇದ್ದಾಗ ಬಂದ ಒಂದೇ ಒಂದು ಆಲ್ಬಂ, 'ಕಿನೆಮಾತೊಗ್ರಾಫಿಯಾ', 2000ದ ಡಿಸೆಂಬರ್ 18ಕ್ಕೆ ಬಿಡುಗಡೆ. ಅದಾಗಿ ಎಂಟೇ ದಿನಕ್ಕೆ, ಕ್ರಿಸ್ಮಸ್ ಮಾರನೇ ದಿನ ಬೆಳಗ್ಗೆ, ಮಾಗಿಕ್ ಜೀವ ಕಳ್ಕೊಂಡ. ವಯಸ್ಸು 22.

ಆ ಆಲ್ಬಮ್ಮಿನಲ್ಲಿ 'ಯೆಸ್ತೆಮ್ ಬೊಗ್ಯೆಮ್' ಇದೆ. 'ನಾನು ದೇವರು' ಅಂತ. ಸಿನಿಮಾ ಹೆಸರು 'ನೀನು ದೇವರು'. ಒಂದೇ ಅಕ್ಷರ ಬದಲಾಯಿಸಿದ್ದು! ಮೊದಲನೇದು ಅಹಂ ಬ್ರಹ್ಮಾಸ್ಮಿ, ಎರಡನೇದು ತತ್ತ್ವಮಸಿ. ನಮ್ಮ ಸಂಸ್ಕೃತ ಮೇಷ್ಟ್ರಿಗೆ ಹೇಳಿದ್ರೆ ಕುಣಿದಾಡ್ತಿದ್ರು.

ಇಷ್ಟೆಲ್ಲಾ ಇದ್ದಮೇಲೆ ಜನ ಮೊದಲು ನೆನೆಸ್ಕೊಳ್ಳೋದು ಯಾವುದನ್ನ ಅಂತ ನೀವೇ ಹೇಳಿ.

---

ನಿರ್ವಾಹಕ

ಚರ್ಚೆ ಚೆನ್ನಾಗಿ ನಡೀತಿದೆ, ನಡೀಲಿ. ಒಂದು ವಿನಂತಿ ಅಷ್ಟೇ. ಮಾಗಿಕ್ ಸಾವು ಆತ್ಮಹತ್ಯೆ. ಹೇಗೆ, ಎಲ್ಲಿಂದ ಅನ್ನೋ ವಿವರ ಇಲ್ಲಿ ಬೇಡ, 'ಪ್ರತಿಭಾವಂತರು ಬೇಗ ಹೋಗ್ತಾರೆ' ಅನ್ನೋ ಥರದ ಮಾತೂ ಬೇಡ. ಓದ್ತಿರೋ ಯಾರಿಗಾದ್ರೂ ಮನಸ್ಸು ತೀರಾ ಭಾರ ಆಗಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.

---

ಪ್ರಾಸಬದ್ಧ

ಹಾಸನದವರ ಪರವಾಗಿ ನನ್ನದೊಂದು ಸಾಕ್ಷಿ. ನಾನು ಭಾಷಾಶಾಸ್ತ್ರ ಪಾಠ ಮಾಡೋನು, ರ‍್ಯಾಪ್ ನನ್ನ ಕಳ್ಳಚಟ. "ಪೋಲಿಷ್ ರ‍್ಯಾಪಿಗೆ ಗಂಟಲು" ಅನ್ನೋದು ಬರೀ ಅಲಂಕಾರದ ಮಾತಲ್ಲ. ಅದರ ಹಿಂದೆ ನಿಜವಾದ ತಾಂತ್ರಿಕ ತಲೆನೋವು ಒಂದಿದೆ.

ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಾಂಶದ ಪದಗಳು ರಾಶಿ ರಾಶಿ. ಸಾಲಿನ ಕೊನೆಯ ಬಡಿತಕ್ಕೆ ಒಂದು ಗಟ್ಟಿ ಪದ ಗುದ್ದಿದರೆ ಆಯಿತು, ಪ್ರಾಸ ಕೂತಿತು. ರ‍್ಯಾಪ್ ಬೆಳೆದದ್ದು ಆ ಗುದ್ದಿನ ಮೇಲೆ. ಪೋಲಿಷಿನಲ್ಲಿ ಒತ್ತು ಬೀಳುವುದು ಪದದ ಕೊನೆಯಿಂದ ಎರಡನೇ ಉಚ್ಚಾರಾಂಶದ ಮೇಲೆ. ಅಪವಾದ ಬಹಳ ಕಡಿಮೆ. 'ಗ್ವೊವಾ' ಅಂದರೆ ತಲೆ, 'ಮೊವಾ' ಅಂದರೆ ಮಾತು. ಎರಡರಲ್ಲೂ ಒತ್ತು ಮೊದಲಿಗೆ ಬಿದ್ದು, ಕೊನೆ ಸಡಿಲವಾಗಿ ಇಳಿಯುತ್ತದೆ. ಇಂಗ್ಲಿಷ್ ರ‍್ಯಾಪಿನ ಲಯವನ್ನು ಹಾಗೇ ತಂದು ಹಾಕಿದರೆ ಸಾಲಿನ ಕೊನೆಯಲ್ಲಿ ಒಂದು ಅನಾಥ ಉಚ್ಚಾರಾಂಶ ಜೋತಾಡುತ್ತದೆ. ಎತ್ತಿನ ಗಾಡಿಗೆ ಸ್ಕೂಟರ್ ಬ್ರೇಕ್ ಹಾಕಿದ ಹಾಗೆ.

ಎರಡನೇ ತೊಂದರೆ ಇನ್ನೂ ಮೋಜಿನದು. ಪೋಲಿಷಿನಲ್ಲಿ ನಾಮಪದಕ್ಕೆ ಏಳು ವಿಭಕ್ತಿ, ಕ್ರಿಯಾಪದಕ್ಕೆ ಲಿಂಗ-ವಚನದ ಪ್ರತ್ಯಯ. 'ರೊಬಿವೆಮ್' (ಮಾಡಿದೆ), 'ಹೊಜಿವೆಮ್' (ನಡೆದೆ). ಪ್ರಾಸ ತಾನಾಗಿ ಬಿದ್ದುಬಿಡುತ್ತದೆ. ಕನ್ನಡದಲ್ಲಿ 'ನೋಡಿದೆ', 'ಹಾಡಿದೆ', 'ಕೂಡಿದೆ' ಅಂತ ಮಲಗಿದ್ದಲ್ಲೇ ಕವಿತೆ ಹೆಣೆಯಬಹುದಲ್ಲ, ಹಾಗೆ. ಇಂಥ ಅಗ್ಗದ ಪ್ರಾಸಕ್ಕೆ ಪೋಲಿಷ್ ಜನ 'ಚೆಂಸ್ತೊಹೊವಾ ಪ್ರಾಸ' ಅನ್ನುತ್ತಾರೆ. ಚೆಂಸ್ತೊಹೊವಾ ಅವರ ದೊಡ್ಡ ಮೇರಿ ಯಾತ್ರಾಸ್ಥಳ, ಕತೊವಿತ್ಸೆಗೆ ದೂರವೇನಲ್ಲ. ಯಾತ್ರಿಕರ ಭಕ್ತಿಗೀತೆಗಳ ಕಾಲೆಳೆಯಲು ಹುಟ್ಟಿದ ಮಾತು. ನಾವು 'ಭಜನೆ ಪ್ರಾಸ' ಅನ್ನಬಹುದೇನೋ. (ಹಾಸನದವರ ಕ್ಯಾಸೆಟ್ಟಿನ ಅಜ್ಜಿ ಕ್ಷಮಿಸಲಿ.)

ಈಗ ಮಾಗಿಕ್ ಮತ್ತು ಆ ಅಣ್ಣತಮ್ಮ ಏನು ಮಾಡಿದರು ಕೇಳಿ. ಅನಾಥವಾಗಿ ಜೋತಾಡುವ ಕೊನೆಯ ಉಚ್ಚಾರಾಂಶವನ್ನು ಮುಚ್ಚಿಡಲಿಲ್ಲ. ಅದನ್ನೇ ಎಳೆದರು. ಮಾಗಿಕ್ ಮೂಗಿನಿಂದ ಎತ್ತರದ ದನಿ ತೆಗೆದು ಪದದ ಬಾಲವನ್ನು ರಾಗದ ಹಾಗೆ ಹಿಗ್ಗಿಸುತ್ತಾನೆ, ಬಡಿತ ದಾಟಿಸಿ ಮುಂದಿನ ಸಾಲಿನೊಳಗೆ ಸುರಿಯುತ್ತಾನೆ. ಪ್ರಾಸವನ್ನು ಸಾಲಿನ ಕೊನೆಯಲ್ಲಿ ಕಟ್ಟಿಹಾಕುವ ಬದಲು ಒಳಗೆಲ್ಲ ಚೆಲ್ಲುತ್ತಾರೆ. ಪದ ಒಡೆದು ಅರ್ಧ ಈಚೆ, ಅರ್ಧ ಆಚೆ. ಭಾಷೆಯ ದೌರ್ಬಲ್ಯ ಅಂತ ಎಲ್ಲರೂ ಅಂದುಕೊಂಡದ್ದನ್ನೇ ಅವರು ರಾಗ ಮಾಡಿಕೊಂಡರು.

ಕಿನೆಮಾತೊಗ್ರಾಫಿಯಾದಲ್ಲಿ ಮಾಗಿಕ್ ಇದನ್ನು ಶಿಖರಕ್ಕೆ ಮುಟ್ಟಿಸಿದ, ಸಿನಿಮಾ_ಹುಚ್ಚಿ ಅವರ ಮಾತು ಸರಿ. ಆದರೆ ಅವನು ಕಲಿತ ಗರಡಿಮನೆ ಕಾಲಿಬೆರ್.

---

ಗೂಗ್ಲಿ_ಗುಂಡ

ಮೇಷ್ಟ್ರೇ, ಇದಕ್ಕೆ ನಾನು ಅರ್ಧ ಸೋತೆ. ಇನ್ನರ್ಧ ಯಾಕೆ ಸೋಲಲ್ಲ ಅಂದ್ರೆ: ಬೀದಿ ಎಲ್ಲಿ? 1998ರಲ್ಲಿ ವಾರ್ಸಾದ ಮೊಲೆಸ್ತಾ ತಂಡ 'ಸ್ಕಾಂದಲ್' ಬಿಟ್ಟಿತು. ಕಾಂಕ್ರೀಟ್ ಅಪಾರ್ಟ್‌ಮೆಂಟು, ಪೊಲೀಸರು, ಕೆಲಸ ಇಲ್ಲದ ಹುಡುಗರು. ಅಲ್ಲಿಂದ ಮುಂದೆ ಹತ್ತು ವರ್ಷ ಪೋಲಿಷ್ ರ‍್ಯಾಪ್ ನಡೆದದ್ದು ಆ ದಾರಿಯಲ್ಲೇ ಹೊರತು ಕಾಲಿಬೆರ್‌ನ ಮಾಟ-ಮಂತ್ರದ ದಾರಿಯಲ್ಲಲ್ಲ. ಪ್ರಭಾವ ಅಂದ್ರೆ ಅದು.

---

ಹಾಸನದ_ಹುಡುಗ

ಇದು ನಿಜ, ಒಪ್ಕೊಳ್ಳಲೇಬೇಕು. ದೊಡ್ಡ ಹೆದ್ದಾರಿ ಹಾಕಿದ್ದು ಮೊಲೆಸ್ತಾ. 2000ದ ಕೊನೆಗೆ ಇಲ್ಲಿ ನಿರುದ್ಯೋಗ ಶೇಕಡಾ 15 ದಾಟಿತ್ತು. ಆ ಅಪಾರ್ಟ್‌ಮೆಂಟ್ ಹುಡುಗರಿಗೆ 'ಬ್ಲೋಕೆರ್ಸಿ' ಅಂತ ಹೆಸರೇ ಬಿತ್ತು, 2001ರಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರವೂ ಬಂತು. ಆ ಹಸಿವಿಗೆ ಮೊಲೆಸ್ತಾ ಥರದ ರ‍್ಯಾಪ್ ಬೇಕಿತ್ತು.

ಆದ್ರೆ ಕಾಲಿಬೆರ್‌ನಲ್ಲಿ ಬೀದಿ ಇಲ್ಲ ಅನ್ನಬೇಡ. ಅವರದು ಗಣಿ ಊರಿನ ಮಕ್ಕಳ ಬೀದಿ, ಅದು ನೆಲದಡಿಗೆ ಹೋಗುತ್ತೆ. ಮಾಗಿಕ್ ಇದ್ದ ಬೊಗುಚಿತ್ಸೆ ಬಡಾವಣೆಯ ಪಕ್ಕದಲ್ಲೇ 19ನೇ ಶತಮಾನದ ಕಲ್ಲಿದ್ದಲು ಗಣಿ. ಊರಿನ ಹೆಸರೇ ಅದಕ್ಕೆ, 'ಕತೊವಿತ್ಸೆ'. ಈ ಹುಡುಗರು ಮೈಕ್ ಹಿಡೀತಿದ್ದ ವರ್ಷಗಳಲ್ಲಿ ಗಣಿ ಒಂದೊಂದಾಗಿ ಮುಚ್ಚುತ್ತಿದ್ವು, 1999ರಲ್ಲಿ ಇದೂ ನಿಂತುಹೋಯ್ತು. ನೆಲದ ಕೆಳಗೆ ಪೊಳ್ಳು, ಮೇಲೆ ಹೊಗೆ. ಅಂಥ ಊರಲ್ಲಿ ಹುಟ್ಟಿದ ಹಾಡು ಕತ್ತಲಾಗಿದ್ರೆ ಆಶ್ಚರ್ಯ ಏನು? ನಾನೇನೋ ಹಾಗೆ ಕೇಳಿಸ್ಕೊಳ್ತೀನಿ.

ಮೊದಲ ಆಲ್ಬಮ್ಮಿನ 'ಮಾಗಿಯಾ ಇ ಮಿಯೆಚ್' ಹಾಡಿನ ಬಗ್ಗೆಯೂ ಒಂದು ಮಾತು. 'ಮಾಟ ಮತ್ತು ಖಡ್ಗ'. ಅದೇ ಹೆಸರಿನ ಬೋರ್ಡ್ ಗೇಮ್ 80ರ ದಶಕದಿಂದ ಇಲ್ಲಿ ಪ್ರಸಿದ್ಧ. ಪಗಡೆ ಹಾಸಿನ ಥರದ ಪಟ, ದಾಳ, ಕಾರ್ಡು, ರಾಕ್ಷಸರು. ಹೊರಗೆ ಮಳೆ ಹೊಡೀತಿದ್ರೆ ಹುಡುಗರು ಒಳಗೆ ಕೂತು ಆಡ್ತಿದ್ದ ಆಟ. ಇವರ ಹಾಡಿನ ಲೋಕ ಬಂದದ್ದು ಅಂಥಾ ಕೋಣೆಗಳಿಂದ.

---

ಕಡಲಕೆರೆ

ನಂದೊಂದು ಸಣ್ಣ ಡೌಟು ಮಾರಾಯ್ರೆ. ಸೈಲೀಸಿಯಾದಲ್ಲಿ ಬೇರೆ ಭಾಷೆಯೇ ಉಂಟಲ್ವಾ? ನಮ್ಮ ತುಳು ಇದ್ದ ಹಾಗೆ. ಇವರು ಅದರಲ್ಲಿ ಹಾಡಿದ್ದು ಉಂಟಾ?

ಮತ್ತೆ 'ಪ್ಲುಸ್ ಇ ಮಿನುಸ್' ಬಗ್ಗೆ ಯಾರೂ ಎಂತ ಹೇಳ್ಲೇ ಇಲ್ಲ. ಆ ಮೊದಲ ಆಲ್ಬಮ್ಮಿನಲ್ಲಿ ನಂಗೆ ಅದೊಂದೇ ಸಾಕು.

---

ಹಾಸನದ_ಹುಡುಗ

ಕಡಲಕೆರೆಯವರೇ, ಉಂಟು. ಸೈಲೀಸಿಯನ್ ಮನೆಮಾತು ಅಂತ 2021ರ ಜನಗಣತಿಯಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಬರೆಸಿದ್ದಾರೆ. ಅದು ಭಾಷೆಯೋ ಉಪಭಾಷೆಯೋ ಅಂತ ಇನ್ನೂ ಜಗಳ. 2024ರಲ್ಲಿ ಅದನ್ನ ಪ್ರಾದೇಶಿಕ ಭಾಷೆ ಅಂತ ಒಪ್ಪೋ ಮಸೂದೆ ಸಂಸತ್ತಲ್ಲಿ ಪಾಸಾಯ್ತು, ರಾಷ್ಟ್ರಾಧ್ಯಕ್ಷರು ವೀಟೊ ಹಾಕಿದ್ರು. ಎಂಟನೇ ಪರಿಚ್ಛೇದಕ್ಕೆ ಕಾಯ್ತಿರೋ ತುಳುವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ. ಆದ್ರೆ ಕಾಲಿಬೆರ್ ಹಾಡಿದ್ದು ಪೋಲಿಷ್‌ನಲ್ಲೇ, ದೇಶಕ್ಕೆಲ್ಲ ಅರ್ಥ ಆಗೋ ಹಾಗೆ.

---

ಪ್ರಾಸಬದ್ಧ

'ಪ್ಲುಸ್ ಇ ಮಿನುಸ್' ನೆನಪಿಸಿದ್ದು ಒಳ್ಳೆಯದಾಯಿತು. ಮಾಗಿಕ್ ಒಬ್ಬನೇ ಹಾಡಿರುವುದು. ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡ ಹುಡುಗನೊಬ್ಬನ ಕಥೆ. ಫಲಿತಾಂಶದ ಕಾಗದದ ಮೇಲೆ ಬರುವ ಒಂದು ಪುಟ್ಟ ಗೀಟು. ಅಡ್ಡಗೀಟಿಗೆ ಉದ್ದಗೀಟು ಸೇರಿದರೆ ಬದುಕು ಬೇರೆ. ಉಪದೇಶ ಇಲ್ಲ, 'ಎಚ್ಚರ ಇರಲಿ' ಅನ್ನುವ ಸರ್ಕಾರಿ ಗೋಡೆಬರಹ ಇಲ್ಲ. ಗಣಿತದ ಚಿಹ್ನೆ ಎರಡು, ಒಬ್ಬ ಹೆದರಿದ ಹುಡುಗ.

ಕಾಲ ನೆನಪಿಡಿ. 90ರ ದಶಕದ ಆರಂಭದಲ್ಲಿ ಪೋಲೆಂಡಿನಲ್ಲಿ ಎಚ್‌ಐವಿ ಇದ್ದವರಿಗೆ ಆಶ್ರಯ ಮನೆ ತೆರೆಯಲು ಹೋದರೆ ಊರವರೇ ಅಡ್ಡ ನಿಲ್ಲುತ್ತಿದ್ದರು. ಅಂಥಲ್ಲಿ 18 ವರ್ಷದವನೊಬ್ಬ 'ನಾನು' ಅಂತ ಹಾಡಿದ. 'ಅವನಿಗೆ ಬಂತು' ಅನ್ನಲಿಲ್ಲ, 'ನನಗೆ' ಅಂದ. ಅದು ಅವನ ಬದುಕಿನ ಕಥೆ ಅಂತಲೇ ನಂಬಿಬಿಟ್ಟವರೂ ಇದ್ದಾರೆ. ಹಾಡು ಹಾಕಿದ ವೇಷವನ್ನು ಹಾಡುವವನ ಮೈ ಅಂದುಕೊಳ್ಳುವ ಈ ತಪ್ಪು ಅವನನ್ನು ಕೊನೆಯವರೆಗೂ, ಅದಾದ ಮೇಲೂ ಬಿಡಲಿಲ್ಲ. ಇವತ್ತಿಗೂ ಅವನ ಒಂದೊಂದು ಸಾಲಿನಲ್ಲೂ ಸಾವಿನ ಮುನ್ಸೂಚನೆ ಹುಡುಕುತ್ತಾರೆ. ಅವನು ಬರೆದದ್ದು ಮರಣಪತ್ರವಲ್ಲ ಸ್ವಾಮಿ, ಹಾಡು.

---

ಮಿಚಿಗನ್_ಕೆರೆ_ದಂಡೆ

ಷಿಕಾಗೊದಿಂದ. ಇಲ್ಲಿ ಪೋಲಿಷ್ ಜನ ಎಷ್ಟಿದ್ದಾರೆ ಅಂದ್ರೆ ಅಂಗಡಿ ಬೋರ್ಡೆಲ್ಲ ಪೋಲಿಷ್‌ನಲ್ಲಿರೋ ಬೀದಿಗಳೇ ಇವೆ. ಗೋದಾಮಿನಲ್ಲಿ ನನ್ನ ಜೊತೆ ಫೋರ್ಕ್‌ಲಿಫ್ಟ್ ಓಡಿಸೋನು ಸೊಸ್ನೊವಿಯೆತ್ಸ್ ಊರವನು. ಕತೊವಿತ್ಸೆಗೆ ಅಂಟಿಕೊಂಡ ಹಾಗೇ ಇರೋ ಊರು, ಮಧ್ಯೆ ಒಂದು ಹೊಳೆ. ಎರಡೂ ಊರಿಗೆ ಆಗಿಬರಲ್ಲ, ಒಬ್ಬರ ಮೇಲೊಬ್ಬರು ಜೋಕು ಕಟ್ಟೋದೇ ಕಟ್ಟೋದು. ಈ ಚರ್ಚೆ ಓದಿ ಅವನ ಹತ್ರ ಕೇಳಿದೆ. ಮೊದಲು ಗುರ್ ಅಂದ. ಆಮೇಲೆ ಕಾಫಿ ಬ್ರೇಕ್ ಪೂರ್ತಿ ಅದೇ ಮಾತು.

ಅವನು ಹೇಳಿದ್ದು: ಆಗ ಅವನಿಗೆ ಹದಿನಾಲ್ಕು. ಕ್ಲಾಸಲ್ಲಿ ಒಂದು ಕ್ಯಾಸೆಟ್ ಮೂವತ್ತು ಜನರ ಕೈ ದಾಟಿತ್ತು. ಲಿರೊಯ್ ಹಾಡಿನಲ್ಲಿ ಬೈಗುಳ ಕೇಳಿ ನಗ್ತಿದ್ರು, ಬಸ್ಸಲ್ಲಿ ಎಲ್ಲರೆದುರು ಜೋರಾಗಿ ಹಾಡ್ತಿದ್ರು. ಕಾಲಿಬೆರ್ ಮಾತ್ರ ಒಬ್ಬೊಬ್ಬರೇ ಹೆಡ್‌ಫೋನ್ ಹಾಕ್ಕೊಂಡು ರಾತ್ರಿ ಕೇಳೋದು. "ಕತೊವಿತ್ಸೆಯವರದ್ದು ಅಂತ ಅಪ್ಪನ ಮುಂದೆ ಬಾಯಿ ಬಿಡ್ತಿರ್ಲಿಲ್ಲ" ಅಂದ. ಮಾಗಿಕ್ ಹೋದ ಸುದ್ದಿ ಗೊತ್ತಾದ ದಿನದ ಬಗ್ಗೆ ಕೇಳಿದ್ದಕ್ಕೆ ಕಪ್ಪು ಕೆಳಗಿಟ್ಟು ಗಾಡಿ ಹತ್ತಿದ.

---

ಸಿನಿಮಾ_ಹುಚ್ಚಿ

ಓದಿ ಸುಮ್ನೆ ಕೂತುಬಿಟ್ಟೆ.

ಸರಿ, ನಾನೂ ಒಂದು ಮೆಟ್ಟಿಲು ಇಳೀತೀನಿ. ನಿನ್ನೆ ಸಿನಿಮಾ ಮತ್ತೆ ನೋಡಿದೆ, ಈ ಸಲ ಕಾಲಿಬೆರ್ ಎಲ್ಲಿ ಅಂತ ಹುಡುಕ್ತಾ. ಕಥೆ ಹಿಡಿಯೋದೇ ಮಾಗಿಕ್ ಆ ತಂಡದಿಂದ ಕಳಚಿಕೊಂಡ ಹೊತ್ತಿಂದ. ಹಾಗಾಗಿ ಕಾಲಿಬೆರ್ ಬರೋದು ಬಿಟ್ಟುಬಂದ ಮನೆಯಾಗಿ ಮಾತ್ರ. ಮದುವೆ ಮನೆ ವಿಡಿಯೊದಲ್ಲಿ ಕ್ಯಾಮರಾ ತಿರುಗುವಾಗ ಹಾದುಹೋಗೋ ನೆಂಟರ ಥರ. ನಿರ್ದೇಶಕರನ್ನ ಬೈಯಲ್ಲ, ಅವರ ಕಥೆ ಅದಲ್ಲ. ಆದ್ರೆ 14 ಲಕ್ಷ ಜನರ ನೆನಪಲ್ಲಿ ಉಳಿದದ್ದು ಅದೇ ಚೌಕಟ್ಟು.

ಒಂದು ಮಾತ್ರ ಬಿಡಲ್ಲ. 2003ರ ಮಾರ್ಚ್ 21ಕ್ಕೆ ಪಾಕ್ತೊಫೊನಿಕಾ ವಿದಾಯದ ಕಾರ್ಯಕ್ರಮ ಕತೊವಿತ್ಸೆಯ ಸ್ಪೊದೆಕ್‌ನಲ್ಲಿ ಆಯ್ತು. ಮಾಗಿಕ್ ಇಲ್ಲದೆ ತಂಡ ಮುಂದುವರಿಸಲ್ಲ ಅಂತ ರಾಹಿಮ್, ಫೋಕುಸ್ ಬಾಗಿಲು ಹಾಕಿದ್ರು. ಆಮೇಲೆ ಪೊಕಾಹೊಂತಾಜ್ ಅಂತ ಬೇರೆ ಹೆಸರಲ್ಲಿ ಬಂದ್ರು. ಆ ಮರ್ಯಾದೆಗೇ ನಾನು ಅವರ ಪಕ್ಷ.

---

ಜವಾರಿ_ಬೀಟ್

ಸ್ಪೊದೆಕ್ ಅಂದ್ರ ಏನ್ರಿ ಅಕ್ಕಾರ?

---

ಹಾಸನದ_ಹುಡುಗ

ಸಾಸರ್ ಅಣ್ಣ! ಕಾಫಿ ಕಪ್ ಕೆಳಗಿಡೋ ತಟ್ಟೆ. 1971ರಲ್ಲಿ ತೆರೆದ ಒಳಾಂಗಣ ಕ್ರೀಡಾಂಗಣ, ನೋಡೋಕೆ ಹಾರುವ ತಟ್ಟೆ ಊರ ಮಧ್ಯೆ ಇಳಿದ ಹಾಗೆ. ನನ್ನ ಆಫೀಸ್ ಟ್ರಾಮ್ ದಿನಾ ಅದರ ಪಕ್ಕದಲ್ಲೇ ಹೋಗುತ್ತೆ.

ಅದರ ಆಚೆ ಬದಿಗೆ ನಾನು ಆಗಲೇ ಹೇಳಿದ 'ಕತೊವಿತ್ಸೆ' ಗಣಿಯ ಜಾಗ. ಈಗ ಅಲ್ಲಿ ಸೈಲೀಸಿಯಾ ಮ್ಯೂಸಿಯಂ ಇದೆ, 2015ರಲ್ಲಿ ತೆರೆದದ್ದು. ಗ್ಯಾಲರಿಗಳು ನೆಲದಡಿ, ಮೇಲೆ ಬೆಳಕಿಗೆ ಗಾಜಿನ ಪೆಟ್ಟಿಗೆಗಳು. ಹಳೇ ಗಣಿಬಾವಿಯ ಕಬ್ಬಿಣದ ಗೋಪುರ ಹಾಗೇ ಉಳಿಸಿದ್ದಾರೆ, ಲಿಫ್ಟಲ್ಲಿ ಹತ್ತಿ ಊರು ನೋಡಬಹುದು. ಅದೇ ಗಣಿ ಜಮೀನಲ್ಲಿ ಪೋಲಿಷ್ ರೇಡಿಯೊ ಸಿಂಫನಿ ಆರ್ಕೆಸ್ಟ್ರಾದ ಸಭಾಂಗಣವೂ ಇದೆ. 2015ರಲ್ಲಿ ಆ ಆರ್ಕೆಸ್ಟ್ರಾ ಜೊತೆ ಕತೊವಿತ್ಸೆಯದೇ ರ‍್ಯಾಪರ್ ಮಿಯುವೊಶ್ ಹಾಡಿದ, ಸಂಗೀತ ಹೊಂದಿಸಿದ್ದು ಜಿಮೆಕ್. ಪಿಟೀಲು, ಕಹಳೆ ಎಲ್ಲಾ ಸೇರಿ ರ‍್ಯಾಪ್. ಗಣಿ ಮುಚ್ಚಿ ಹದಿನಾರೇ ವರ್ಷ ಆಗಿತ್ತು.

ಗುಂಡ, ಪ್ರಭಾವ ಎಲ್ಲಿ ಅಂತ ಕೇಳಿದ್ಯಲ್ಲ. ಕಾಲಿಬೆರ್ ನಕಲು ಮಾಡೋ ತಂಡಗಳು ಈಗ ಸಿಗಲ್ಲ, ಸರಿ. ಆದ್ರೆ ವಾರ್ಸಾಕ್ಕೆ ಹೋಗದೆ ಗಣಿ ಊರಲ್ಲೇ ಕೂತು ವಿಚಿತ್ರವಾಗಿ ಹಾಡಿದ್ರೂ ದೇಶ ಕೇಳುತ್ತೆ ಅನ್ನೋ ಧೈರ್ಯ ಈ ಊರಿಗೆ ಬಂದದ್ದು ಯಾರಿಂದ?

---

ಗೂಗ್ಲಿ_ಗುಂಡ

ಮುಕ್ಕಾಲು ಸೋತೆ. ಕಾಲು ಭಾಗ ಮರ್ಯಾದೆಗೆ ಇಟ್ಕೊಂಡಿದೀನಿ, ಕೇಳಬೇಡ.

2016ರ ಆಲ್ಬಂ ಹೆಂಗಿದೆ?

---

ಹಾಸನದ_ಹುಡುಗ

'ಘರ್ಷಣೆಯ ಭಿನ್ನಾಂಶ' ಅನ್ನೋ ಅರ್ಥದ ಹೆಸರು. ನಲವತ್ತರ ಹತ್ತಿರದ ಗಂಡಸರು ಆರಾಮಾಗಿ ಕೂತು ಮಾತಾಡಿದ ಹಾಗಿದೆ. ಅದರಲ್ಲಿರೋ 'ಬದಲಾಯಿಸಲಾಗದ ಬದಲಾವಣೆಗಳು' ಚೆನ್ನಾಗಿದೆ. ಭೂತ ಬಿಟ್ಟುಹೋಗಿದೆ, ಒಳ್ಳೇದೇ ಆಯ್ತು. ಪಾತಾಳಕ್ಕೆ ಇಳಿಸೋ ಹಾಡು ಬೇಕಂದ್ರೆ ಮೊದಲನೇದಕ್ಕೇ ಹೋಗಬೇಕು.

---

ಜವಾರಿ_ಬೀಟ್

ಹಾಸನದಣ್ಣ, ನಿಮ್ಮ ಆ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿ ಕಳಸ್ರಿ. ಹಾಡು ಬ್ಯಾಡ, ಅದು ಎಲ್ಲಾ ಕಡೆ ಸಿಗ್ತೈತಿ. ನನಗ ಬೇಕಾಗಿದ್ದು ಆ 'ಟಕ್' ಮತ್ತ ಅದರ ಮುಂದ ಬರೂ ಅಜ್ಜಿಗಳ ದನಿ. ಅದರ ಕೆಳಗ ಒಣಾ ಡ್ರಮ್ ಇಟ್ರ ಏನ್ ಆಗ್ತೈತಿ ಗೊತ್ತೇನ್ರಿ!

---

ನಿರ್ವಾಹಕ

ಆಡಿಯೊ ಫೈಲ್ ಇಲ್ಲಿ ಹಾಕೋ ಹಾಗಿಲ್ಲ, ಹಕ್ಕುಸ್ವಾಮ್ಯ. ಜಪಮಾಲೆಗೂ ಅನ್ವಯಿಸುತ್ತೆ.

---

ಹಾಸನದ_ಹುಡುಗ

ನಿನ್ನೆ ಮತ್ತೆ ಹಾಕಿ ಕೇಳಿದೆ. ಅಜ್ಜಿ ಕತ್ತರಿಸಿದ್ದು ಯಾವ ಹಾಡನ್ನ ಅಂತ ಈಗ ಗೊತ್ತಾಯ್ತು. 'ಪ್ಲುಸ್ ಇ ಮಿನುಸ್' ಮಾತ್ರ ಮುಟ್ಟಿಲ್ಲ, ಪೂರ್ತಿ ಇದೆ. ಅದಕ್ಕಿಂತ ಮುಂಚೆ ಸೊಪ್ಪಿನ ಮರಿಯಾ ಹಾಡು ಶುರುವಾಗಿ ಎರಡನೇ ಚರಣಕ್ಕೆ ಬರೋಷ್ಟರಲ್ಲಿ ಟಕ್. ಪ್ರಾರ್ಥನೆ ಇದ್ದದ್ದು ಬರೀ ಏಳು ನಿಮಿಷ, ಕೊನೇವರೆಗೂ ಅಂತ ಮೊದಲ ಪೋಸ್ಟಲ್ಲಿ ಬರೆದದ್ದು ನನ್ನ ತಪ್ಪು. ಆವತ್ತು ನಾನು ನಗು ತಡೀಲಾರದೆ ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದೆ.